ಬೆಳಿಗ್ಗೆ ಮುನಿಯುವ ಗನ್ನು

"ಸಿಸ್ಟ್ರೇ, ಒಂದು ಇಂಜೆಕ್ಷನ್ ಸೂಜಿ ಇದ್ರೆ ಕೊಡ್ರಿ."

ಬೆಳಗಿನ ಕಾಫಿ ಲೋಟ ತೊಳೆದು ಬೋರಲು ಹಾಕುತ್ತಿದ್ದೆ. ಎದುರು ಮನೆಯ ಅನ್ವರ್ ನನ್ನ ಗೇಟು ಹಿಡಿದುಕೊಂಡು ನಿಂತಿದ್ದ. ಮುಖ ಬಾಡಿತ್ತು.

"ಯಾರಿಗೆ? ಏನಾಯ್ತು?" ಎಂದೆ. ನನ್ನ ಕಾಲು ಆಗಲೇ ಚಪ್ಪಲಿ ಹುಡುಕುತ್ತಿತ್ತು.

"ನಮ್ಮ ಗನ್ನಿಗೆ ಕಣ್ರಿ."

"ಗನ್ನಿಗೆ ಇಂಜೆಕ್ಷನ್ನಾ?"

"ಮೂಗು ಕಟ್ಕಂಡೈತೆ. ಚುಚ್ಚಿ ಬಿಡಿಸ್ಬೇಕು."

ಪಕ್ಕದ ಮನೆಯ ಜಗುಲಿಯಲ್ಲಿ ಪೇಪರ್ ಓದುತ್ತಿದ್ದ ಮೇಷ್ಟ್ರು ಪೇಪರನ್ನು ಮೆಲ್ಲಗೆ ಕೆಳಗಿಳಿಸಿದರು. ಗನ್ನು, ಸೂಜಿ, ಚುಚ್ಚುವುದು. ಬೆಳ್ಳಂಬೆಳಿಗ್ಗೆ ಈ ಮೂರೂ ಒಟ್ಟಿಗೆ ಕಿವಿಗೆ ಬಿದ್ದರೆ ಯಾರು ತಾನೇ ಇಳಿಸುವುದಿಲ್ಲ?

ಹೆದರಬೇಡಿ. ಅನ್ವರ್ ಪೇಂಟರ್. ಕಬ್ಬಿಣದ ಬೀರು, ಗೇಟು, ಕಿಟಕಿ ಸರಳು, ಲಗೇಜ್ ಆಟೊ ಇವಕ್ಕೆಲ್ಲ ಬಣ್ಣ ಹೊಡೆಯುವವನು. ಅವನ ಗನ್ನು ಎಂದರೆ ಗಾಳಿಯ ಒತ್ತಡದಲ್ಲಿ ಬಣ್ಣ ಚಿಮ್ಮಿಸುವ ಸ್ಪ್ರೇ ಗನ್. ಮನೆಗೆ ಅಂಟಿಕೊಂಡೇ ಅವನ ತಗಡಿನ ಶೆಡ್ಡು. ಅಲ್ಲಿ ಕಂಪ್ರೆಸರ್ ಗುಡುಗಲು ಶುರುವಾಯಿತೆಂದರೆ ಹೊಸದುರ್ಗದ ನಮ್ಮ ಬೀದಿಗೆ ಬೆಳಗಾಯಿತು ಎಂದು ಅರ್ಥ.

ಸೂಜಿ ಕೊಡಲಿಲ್ಲ. ಆಪರೇಷನ್ ಥಿಯೇಟರಿನಲ್ಲಿ ನರ್ಸ್ ಆಗಿ ಸರ್ವೀಸ್ ಮುಗಿಸಿದವಳು ನಾನು (ಪ್ರತಿವಾರ ಓದುವವರಿಗೆ ಇದನ್ನು ಎಷ್ಟು ಸಲ ಹೇಳಿದ್ದೇನೋ!). ಸಕ್ಕರೆ ಕೊಟ್ಟ ಹಾಗೆ ಸೂಜಿ ಕೊಡುವ ಅಭ್ಯಾಸ ನನಗಿಲ್ಲ. ಅದೂ ಅಲ್ಲದೆ ಸಣ್ಣ ತೂತಿಗೆ ಉಕ್ಕಿನ ಸೂಜಿ ಹಾಕಿ ಕೆದಕಿದರೆ ತೂತು ದೊಡ್ಡದಾಗುತ್ತದೆ, ಅದು ಮನುಷ್ಯನದ್ದಾಗಲಿ, ಗನ್ನಿನದ್ದಾಗಲಿ. ಆದರೆ ಮೂಗು ಕಟ್ಟಿದ ಗನ್ನು ಹೇಗಿರುತ್ತದೆ ಎಂದು ನೋಡುವ ಆಸೆ ಬಂತು. ಪೊರಕೆಯಿಂದ ಒಂದು ಕಡ್ಡಿ ಮುರಿದುಕೊಂಡು ಅವನ ಹಿಂದೆಯೇ ಹೊರಟೆ.

ಶೆಡ್ಡಿನ ನಡುವೆ ಒಂದು ಬೀರು ನಿಂತಿತ್ತು. ನವಿಲುಗತ್ತಿನ ನೀಲಿ. ದೂರದಿಂದ ನೋಡಿದರೆ ಕಣ್ಣಿಗೆ ಹಬ್ಬ. ಹತ್ತಿರ ಹೋದೆ. ಬಾಗಿಲ ತುಂಬ ಚಿಕ್ಕ ಚಿಕ್ಕ ಕುಳಿಗಳು. ಗಂಜಿ ಕುದಿಯುವಾಗ ಗುಳ್ಳೆ ಒಡೆದು ಗುಂಡಗೆ ಜಾಗ ಬಿಡುತ್ತದಲ್ಲ, ಹಾಗೆ. ಪ್ರತಿ ಕುಳಿಯ ತಳದಲ್ಲೂ ಬಣ್ಣ ಹಿಡಿಯದೆ ಕೆಳಗಿನ ಪ್ರೈಮರ್ ಇಣುಕುತ್ತಿತ್ತು.

"ಫಿಶ್ ಐ ಅಂತಾರೆ ಇದಕ್ಕೆ," ಎಂದ ಅನ್ವರ್. "ಮೀನ್ ಕಣ್ಣು. ಉಜ್ತೀನಿ, ಹೊಡೀತೀನಿ. ಮತ್ತೆ ಕಣ್ ಬಿಡ್ತಾವೆ. ಉಜ್ತೀನಿ, ಹೊಡೀತೀನಿ. ಮತ್ತೆ!"

"ಯಾರದ್ದಪ್ಪ ಬೀರು?"

"ನಮ್ಮ ನಸೀಮಾದು."

ನಸೀಮಾ ಅವನ ಮಗಳು. ಮದುವೆ ಗೊತ್ತಾಗಿತ್ತು. ಗಂಡಿನ ಕಡೆಯವರು ಚಿತ್ರದುರ್ಗದವರು. ಗಂಡಿನ ತಂದೆ ಇಸ್ಮಾಯಿಲ್ ಸಾಹೇಬರಿಗೆ ಅಲ್ಲೊಂದು ವರ್ಕ್‌ಶಾಪ್. ಅಲ್ಲಿ ಏನು ಮಾಡುತ್ತಾರೆ ಎಂದು ಕೇಳಿದೆ.

"ಬೀರು," ಎಂದ ಅನ್ವರ್.

"ಬೀರು ಮಾಡೋರ ಮನೆಗೆ ನೀನು ಬೀರು ಕೊಡ್ತಿದೀಯಾ?"

"ಅವ್ರು ಬೇಡ ಅಂದ್ರು ಕಣ್ರಿ ಸಿಸ್ಟ್ರೇ. ನಮ್ಮನೇಲೇ ಸಾಲಾಗಿ ನಿಂತಾವೆ, ಯಾವ್ದಾರ ಒಂದು ತಗಂಡ್ರಾತು ಅಂದ್ರು. ಇವಳು ಕೇಳ್ಬೇಕಲ್ಲ! ಅವಳ ಅಬ್ಬಾ, ಅಂದ್ರೆ ನಾನು, ಬಣ್ಣ ಹೊಡೆದ ಬೀರೇ ಬೇಕಂತೆ. ಅಲ್ಲಾ, ಆ ಇಸ್ಮಾಯಿಲ್ ಸಾಹೇಬ ಬೀರು ನೋಡೋದು ಹೆಂಗೆ ಗೊತ್ತಾ? ಮೊಬೈಲ್ ಟಾರ್ಚ್ ಅಡ್ಡ ಹಿಡಿದು, ಒಂದ್ ಕಣ್ ಮುಚ್ಚಿ ನೋಡ್ತಾನೆ. ಸೊಳ್ಳೆ ಕೂತೆದ್ದ ಗುರುತು ಇದ್ರೂ ಹೇಳ್ತಾನೆ. ಟೆಂಪೋ ತಗಂಡು ಅವ್ನೇ ಬರ್ತಾನಂತೆ ಬೀರು ಒಯ್ಯಾಕೆ. ನಾನು ಅವ್ನ ಮುಂದೆ ಹೆಂಗೆ ನಿಂತ್ಕಳ್ಲಿ?"

ಊರಿನವರ ಬೀರುಗಳಿಗೆಲ್ಲ ಕನ್ನಡಿಯ ಹಾಗೆ ಬಣ್ಣ ಹೊಡೆದವನು. ಸ್ವಂತ ಮಗಳ ಬೀರಿನಲ್ಲಿ ಮೀನುಗಳು ಕಣ್ಣು ಬಿಡುತ್ತಿದ್ದವು. ಬೀಗರು ಬರಲು ಇನ್ನು ಹೆಚ್ಚು ದಿನ ಉಳಿದಿರಲಿಲ್ಲ.

ನನಗೆ ಕುತೂಹಲ ಹತ್ತಿದ್ದು ಅವನ ಇನ್ನೊಂದು ಮಾತಿನಿಂದ.

"ವಿಚಿತ್ರ ಏನ್ ಗೊತ್ತಾ? ಮಧ್ಯಾಹ್ನ ಹೊಡೆದ್ರೆ ಸರಿಯಾಗಿ ಬರ್ತೈತೆ. ಬೆಳಿಗ್ಗೆ ಮಾತ್ರ ಮುನಿಸ್ಕಂತೈತೆ."

"ಮಧ್ಯಾಹ್ನಾನೇ ಹೊಡಿ ಮತ್ತೆ."

"ಮಧ್ಯಾಹ್ನ ಗುಡ್ಡದ ಕಡೆಯಿಂದ ಗಾಳಿ ಏಳ್ತೈತಲ್ರಿ. ಹಸಿ ಬಣ್ಣದ ಮೇಲೆ ಬೀದಿ ಧೂಳೆಲ್ಲ ಬಂದು ಕುಂತ್ಕಂತೈತೆ. ಗಾಳಿ ಇಲ್ಲದ ದಿನ ಕರೆಂಟ್ ಇರಲ್ಲ."

ಹೊತ್ತು ನೋಡಿಕೊಂಡು ಕೆಡುವ ಯಂತ್ರವನ್ನು ಎಲ್ಲಾದರೂ ಕೇಳಿದ್ದೀರಾ? ಕೆಟ್ಟರೆ ಕೆಟ್ಟಿರಬೇಕು. ಸರಿಯಿದ್ದರೆ ಸರಿಯಿರಬೇಕು. ಬೆಳಿಗ್ಗೆ ಕಾಯಿಲೆ, ಮಧ್ಯಾಹ್ನ ಆರಾಮ ಎನ್ನುವುದು ಪರೀಕ್ಷೆಗೆ ಹೆದರಿದ ಶಾಲೆ ಮಕ್ಕಳ ಹೊಟ್ಟೆನೋವಿನ ಲಕ್ಷಣ.

ಗನ್ನನ್ನು ಕೈಯಲ್ಲಿ ಹಿಡಿದು ನೋಡಿದೆ. ಪಿಸ್ತೂಲಿನದೇ ಆಕಾರ. ಮೇಲೊಂದು ಬಟ್ಟಲು, ಅದರಲ್ಲಿ ಬಣ್ಣ. ಹಿಡಿಯ ಕೆಳಗೆ ಕಂಪ್ರೆಸರಿನಿಂದ ಬರುವ ಗಾಳಿಯ ಪೈಪು. ಒಳಗೆ ಉದ್ದಕ್ಕೆ ಮಲಗಿದ ಒಂದು ಸೂಜಿ. (ಓಹೋ, ಇದಕ್ಕೂ ಸೂಜಿ ಇದೆ! ನನಗೆ ಅಲ್ಲಿಂದಲೇ ನೆಂಟಸ್ತನ ಶುರುವಾಯಿತು.) ಸೂಜಿಯ ತುದಿ ಮೂತಿಯ ತೂತನ್ನು ಮುಚ್ಚಿಕೊಂಡಿರುತ್ತದೆ. ಟ್ರಿಗರ್ ಅರ್ಧ ಎಳೆದರೆ ಬರೀ ಗಾಳಿ. ಪೂರ್ತಿ ಎಳೆದರೆ ಸೂಜಿ ಹಿಂದೆ ಸರಿದು ಬಣ್ಣಕ್ಕೆ ದಾರಿ ಬಿಡುತ್ತದೆ. ಆ ಬಣ್ಣವನ್ನು ಗಾಳಿ ಒಡೆದು ಮಂಜು ಮಾಡುತ್ತದೆ. ಹಿಂದೆ ಎರಡು ತಿರುಪು. ಒಂದು ಬಣ್ಣ ಎಷ್ಟು ಬರಬೇಕು ಎನ್ನುವುದಕ್ಕೆ, ಇನ್ನೊಂದು ಬಣ್ಣದ ಬೀಸು ಎಷ್ಟು ಅಗಲ ಇರಬೇಕು ಎನ್ನುವುದಕ್ಕೆ.

"ಬಿಟ್ಟ ತಕ್ಷಣ ಟ್ರಿಗರ್ ವಾಪಸ್ ಬರ್ಬೇಕಲ್ವಾ?" ಎಂದು ಕೇಳಿದೆ.

"ಬರ್ಬೇಕು."

ಬರುತ್ತಿರಲಿಲ್ಲ. ಮೊಣಕಾಲು ನೋವಿರುವವರು ನೆಲದಿಂದ ಏಳುವ ಹಾಗೆ, ಯೋಚನೆ ಮಾಡಿ ಮಾಡಿ ಬರುತ್ತಿತ್ತು.

ನನಗೂ ಒಂದು ಸಲ ಕೊಡು ಎಂದೆ. ಹಳೇ ತಗಡೊಂದನ್ನು ಗೋಡೆಗೆ ಒರಗಿಸಿ ಕೊಟ್ಟ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಟ್ರಿಗರ್ ಎಳೆದೆ. ಎಂಥ ಸುಖ ಅಂತೀರಿ! ಕೈ ತಿರುಗಿಸಿ ತಿರುಗಿಸಿ ಹೊಡೆದೆ. ಹೊಡೆದ ಜಾಗದಲ್ಲೆಲ್ಲ ಬಣ್ಣ ಕೆಳಗಿಳಿಯತೊಡಗಿತು.

"ಅಳ್ತೈತೆ ನೋಡ್ರಿ ನಿಮ್ದು!" ಎಂದು ನಕ್ಕ ಅನ್ವರ್. ಬಣ್ಣ ಇಳಿದರೆ ಅವರು ಅಳುವುದು ಎನ್ನುತ್ತಾರೆ. "ಒಂದು ಗೇಣು ದೂರ ಇರ್ಬೇಕು. ಮಣಿಕಟ್ಟು ತಿರುಗಿಸ್ಬಾರ್ದು, ಇಡೀ ತೋಳು ಹೋಗ್ಬೇಕು. ಅಂಚು ಬಂದ ಕೂಡ್ಲೆ ಬಿಟ್ಬಿಡ್ಬೇಕು. ಬೀಸಣಿಗೆ ಹಾಕೋಕೆ ಹೋದ್ರೆ ಅಳ್ದೆ ಇನ್ನೇನು?"

ಇಷ್ಟು ಹೊತ್ತೂ ಬಾಗಿಲ ಮೆಟ್ಟಿಲ ಮೇಲೆ ಕುಳಿತು ಬೆಳ್ಳುಳ್ಳಿ ಬಿಡಿಸುತ್ತಿದ್ದವರು ಜೈತುನ್‌ಬಿ. ಅನ್ವರನ ತಾಯಿ. ಹಿರಿಯ ಮಗನ ಜೊತೆ ಚಿಕ್ಕಜಾಜೂರಿನಲ್ಲಿ ಇರುವವರು, ಮೊಮ್ಮಗಳ ಮದುವೆಗೆಂದು ಮುಂಚೆಯೇ ಬಂದಿಳಿದಿದ್ದರು. ಸುಮ್ಮನೆ ಕೂರುವ ಜೀವ ಅಲ್ಲ. ಬಂದ ದಿನವೇ ಸೊಸೆಯ ಅಡುಗೆಮನೆಯ ಡಬ್ಬಿಗಳ ಸ್ಥಾನ ಬದಲಾಗಿತ್ತಂತೆ. (ಸೊಸೆ ನನ್ನ ಹತ್ತಿರ ಹೇಳಿಕೊಂಡಳು. ನಾನು ಯಾರಿಗೂ ಹೇಳುವುದಿಲ್ಲ ಎಂದಿದ್ದೆ. ನೀವೂ ಹೇಳಬೇಡಿ.)

"ಮೀನ್ ಕಣ್ಣಂತೆ! ಹೊಸದುರ್ಗದಾಗೆ ಮೀನು ಎಲ್ಲಿಂದ ಬಂತೋ?" ಎಂದರು ಜೈತುನ್‌ಬಿ.

"ಅಮ್ಮೀ, ಸುಮ್ಕಿರು," ಎಂದ ಅನ್ವರ್.

ನನ್ನ ಚಿಕಿತ್ಸೆ ಆವತ್ತೇ ಶುರುವಾಯಿತು. ನನ್ನ ನಂಬಿಕೆ ಬಹಳ ಸರಳ. ಲೋಕದ ಅರ್ಧ ಕಾಯಿಲೆ ಸರಿಯಾಗಿ ತೊಳೆಯದೆ ಬರುತ್ತದೆ. ಮನೆಯಿಂದ ಟ್ರೇ ತಂದೆ. ಬಿಳಿ ಬಟ್ಟೆ ಹಾಸಿದೆ. ಹಳೇ ಟೂತ್‌ಬ್ರಷ್ ಇಟ್ಟೆ. ಸಂಜೆ ಕೆಲಸ ಮುಗಿದ ಕೂಡಲೇ ಬಟ್ಟಲು ಖಾಲಿ ಮಾಡಿ, ಅದಕ್ಕೆ ಥಿನ್ನರ್ ಸುರಿದು, ಬಣ್ಣ ಹೋಗಿ ಬರೀ ಥಿನ್ನರ್ ಬರುವವರೆಗೂ ಹೊಡೆಯಬೇಕು. ಆಮೇಲೆ ಬಿಚ್ಚಬೇಕು. ಮೊದಲು ಹಿಂದಿನಿಂದ ಸೂಜಿ ಎಳೆದುಕೊಳ್ಳಬೇಕು, ಇಲ್ಲದಿದ್ದರೆ ಮೂತಿ ಬಿಚ್ಚುವಾಗ ಅದರ ತುದಿ ಕೆಡುತ್ತದೆ. ಬಿಚ್ಚಿದ್ದನ್ನು ಬಿಚ್ಚಿದ ಸಾಲಿನಲ್ಲೇ ಟ್ರೇ ಮೇಲೆ ಇಡಬೇಕು. ಗಾಳಿ ಬರುವ ಸಣ್ಣ ತೂತುಗಳಿಗೆ ಪೊರಕೆ ಕಡ್ಡಿ. ಗನ್ನನ್ನು ಇಡಿಯಾಗಿ ಥಿನ್ನರಿನಲ್ಲಿ ಮುಳುಗಿಸಿ ಇಡಬಾರದು, ಒಳಗಿನ ವಾಷರ್ ಊದಿಕೊಳ್ಳುತ್ತವೆ ಎಂದು ಅನ್ವರ್ ಹೇಳಿದ. ಸರಿ, ಅವನ ಮಾತೂ ನಿಯಮಕ್ಕೆ ಸೇರಿತು.

ಕಂಪ್ರೆಸರಿನ ಹೊಟ್ಟೆಯಲ್ಲಿ ನೀರು ನಿಲ್ಲುತ್ತದಂತೆ. ಕೆಳಗಿನ ಕೊಳಾಯಿ ತಿರುಗಿಸಿ ಅದನ್ನೂ ದಿನಾ ತೆಗೆಸಿದೆ. ಬಸ ಬಸ ಎಂದು ಕಂದು ನೀರು ಬಂತು. ನನಗೆ ಎಷ್ಟು ಸಮಾಧಾನ ಆಯಿತು ಎಂದರೆ ಕೇಳಬೇಡಿ. ಕಾರಣ ಸಿಕ್ಕೇಬಿಟ್ಟಿತು ಎಂದುಕೊಂಡೆ.

ಮಾರನೆಯ ದಿನ ಬೆಳಿಗ್ಗೆ ಹೊಡೆದರೆ, ಮೊದಲಿಗಿಂತ ಹೆಚ್ಚು ಕಣ್ಣು.

ಇನ್ನೂ ಚೆನ್ನಾಗಿ ತೊಳೆದೆವು. ಇನ್ನೂ ಹೆಚ್ಚು ಕಣ್ಣು.

"ಥಿನ್ನರೇ ಕಲಬೆರಕೆ ಇರ್ಬೇಕು," ಎಂದ ಅನ್ವರ್. ಬೇರೆ ಅಂಗಡಿಯಿಂದ ತಂದ. ಊಹೂಂ. "ಪ್ರೈಮರ್ ಸರಿ ಇಲ್ಲ," ಎಂದ. ಬದಲಾಯಿಸಿದ. ಊಹೂಂ. ಪಕ್ಕದ ಮೇಷ್ಟ್ರು ಬಂದು ನೋಡಿ, ದೃಷ್ಟಿಯಾಗಿದೆ ಎಂದರು. ವಿಜ್ಞಾನದ ಮೇಷ್ಟ್ರು.

"ಎಷ್ಟ್ ತೊಳೀತೀರವ್ವ ಸಿಸ್ಟ್ರಮ್ಮ," ಎಂದರು ಜೈತುನ್‌ಬಿ. "ಹೆಣಾನಾದ್ರೂ ಒಂದೇ ಸಲ ತೊಳೀತಾರೆ."

ಮನೆಗೆ ಬಂದು ತಲೆ ಕೆಡಿಸಿಕೊಂಡೆ. ತೊಳೆದಷ್ಟೂ ರೋಗ ಹೆಚ್ಚುವುದೆಂದರೇನು? ಆಗ ನಮ್ಮ ಥಿಯೇಟರಿನ ದೊಡ್ಡ ಸಿಸ್ಟರ್ ನೆನಪಾದರು. ಆಪರೇಷನ್ ಆದ ಗಾಯ ಕೀವು ಕಟ್ಟಿಕೊಂಡರೆ ಅವರು 'ಕತ್ತರಿ, ಸೂಜಿ ಸರಿಯಾಗಿ ಕುದಿಸಿದ್ರಾ?' ಎಂದು ಮೊದಲು ಕೇಳುತ್ತಿರಲಿಲ್ಲ. ಅವರ ಪ್ರಶ್ನೆ ಬೇರೆ. 'ಕುದಿಸಿದ ಮೇಲೆ ಯಾರು ಮುಟ್ಟಿದ್ರಿ?'

ಮಾರನೆಯ ದಿನ ಬೆಳಿಗ್ಗೆ, ಕಂಪ್ರೆಸರ್ ಶುರುವಾಗುವ ಮೊದಲೇ, ಶೆಡ್ಡಿಗೆ ಹೋದೆ. ಚಳಿ ಚೆನ್ನಾಗಿತ್ತು. ಅನ್ವರ್ ತಲೆಗೆ ಮಫ್ಲರ್ ಸುತ್ತಿಕೊಂಡು ಟೀ ಕುಡಿಯುತ್ತಿದ್ದ.

"ನಿನ್ನೆ ಸಂಜೆ ತೊಳೆದಿಟ್ಟ ಮೇಲೆ ಗನ್ನು ಯಾರು ಮುಟ್ಟಿದ್ರಿ?"

"ಯಾರೂ ಮುಟ್ಟಿಲ್ಲ ಕಣ್ರಿ. ನಾನು ನಮಾಜಿಗೆ ಹೋದೆ, ಬಂದೆ, ಉಂಡೆ, ಮಲಕ್ಕಂಡೆ."

"ಇವತ್ತು ಬಣ್ಣ ಹಾಕೋ ಮೊದಲು ಬಿಚ್ಚು."

"ತೊಳೆದಿದ್ದನ್ನ ಮತ್ತೆ ಬಿಚ್ಚಾದಾ?"

"ಬಿಚ್ಚು ಅಂದೆ."

ಬಿಚ್ಚಿದ. ಸೂಜಿ ಎಳೆದ. ಬರಲಿಲ್ಲ. ಜಗ್ಗಿದ. ಬಂತು. ಸೂಜಿಯ ಮೈಗೆ ಬೆಳ್ಳಗೆ ಮೇಣದ ಹಾಗೆ ಏನೋ ಅಂಟಿತ್ತು.

"ಗ್ರೀಸು! ನಾನು ಗ್ರೀಸ್ ಹಾಕೇ ಇಲ್ಲ!" ಎಂದು ಕಣ್ಣರಳಿಸಿದ.

ಉಗುರಿನಲ್ಲಿ ಸ್ವಲ್ಪ ಕೆರೆದು ಎರಡು ಬೆರಳ ನಡುವೆ ಉಜ್ಜಿದೆ. ಬೆರಳ ಬಿಸಿಗೆ ಕರಗಿ ನೀರಾಯಿತು. ಬೆಳಿಗ್ಗೆ ಕಲ್ಲು, ಬಿಸಿಲೇರಿದರೆ ನೀರು. ಅದು ಯಾವುದು? ಹೊಸದುರ್ಗದ ಯಾವ ಮಗುವನ್ನು ಕೇಳಿದರೂ ಹೇಳುತ್ತದೆ. ನನ್ನ ಬಚ್ಚಲಿನಲ್ಲೂ ಆವತ್ತು ಬೆಳಿಗ್ಗೆ ಅದೇ ಬಾಟಲಿ ಬಿಸಿನೀರಿನಲ್ಲಿ ನಿಂತಿತ್ತು.

ಕೊಬ್ಬರಿ ಎಣ್ಣೆ!

ಮೂಗಿನ ಹತ್ತಿರ ಹಿಡಿದೆ. ಘಮ್ಮೆಂದಿತು. ಇಷ್ಟು ದಿನ ಹೇಗೆ ಗೊತ್ತಾಗಲಿಲ್ಲ? ಹೇಗೆ ಗೊತ್ತಾಗಬೇಕು, ಹೇಳಿ. ತೆಂಗಿನ ತೋಟಗಳ ನಡುವಿನ ಊರು. ತಲೆಗೆ ಕೊಬ್ಬರಿ ಎಣ್ಣೆ, ಮೈಗೆ ಕೊಬ್ಬರಿ ಎಣ್ಣೆ, ಒಡೆದ ಹಿಮ್ಮಡಿಗೆ ಕೊಬ್ಬರಿ ಎಣ್ಣೆ. ಅನ್ವರನ ಕೈ, ನನ್ನ ಕೈ, ಮೇಷ್ಟ್ರ ಪೇಪರ್, ಎಲ್ಲಕ್ಕೂ ಅದೇ ವಾಸನೆ. ಬೇರೆ ಊರಿನವನು ಬಂದಿದ್ದರೆ ಬಾಗಿಲಲ್ಲೇ ಕಂಡುಹಿಡಿಯುತ್ತಿದ್ದನೇನೋ.

ಅನ್ವರನಿಗೆ ಎಲ್ಲವೂ ಒಮ್ಮೆಗೇ ಹೊಳೆಯಿತು. ಚಳಿಗೆ ಎಣ್ಣೆ ಹೆಪ್ಪುಗಟ್ಟಿ ಸೂಜಿ ಹಿಡಿದುಕೊಳ್ಳುತ್ತದೆ. ಬೆಳಗಿನ ಮೊದಲ ಬಣ್ಣದ ಜೊತೆ ಎಣ್ಣೆ ಬೀರಿನ ಮೇಲೆ ಬೀಳುತ್ತದೆ. ಎಣ್ಣೆ ಬಿದ್ದ ಜಾಗದಿಂದ ಬಣ್ಣ ದೂರ ಸರಿದು ಕಣ್ಣು ಬಿಡುತ್ತದೆ. ಮಧ್ಯಾಹ್ನದ ಹೊತ್ತಿಗೆ ಎಣ್ಣೆಯೆಲ್ಲ ತೊಳೆದುಹೋಗಿ ಗನ್ನು ಶುದ್ಧ.

"ಯಾವನ್ ಕೆಲ್ಸ ಇದು?" ಎಂದು ಕೂಗಿದ. "ನನ್ನ ಮಗಳ ಬೀರು ಕೆಡಿಸಾಕೆ ಯಾವನೋ ಗನ್ನಿಗೆ ಎಣ್ಣೆ ಬಿಡ್ತಾ ಅವ್ನೆ! ಸಿಗ್ಲಿ, ಅವ್ನ ಕೈ ಮುರೀತೀನಿ!" ಆಮೇಲೆ ಉರ್ದು ಶುರುವಾಯಿತು. (ಅವರಲ್ಲಿ ಮನೆಯೊಳಗೆ ಉರ್ದು, ನನ್ನೆದುರು ಕನ್ನಡ, ಸಿಟ್ಟು ಬಂದರೆ ಎರಡೂ.)

ಜೈತುನ್‌ಬಿ ಒಳಗಿನಿಂದ ಸೆರಗು ಸರಿಮಾಡಿಕೊಳ್ಳುತ್ತ ಬಂದರು.

"ಯಾಕೋ ಬೆಳಿಗ್ಗೆ ಬೆಳಿಗ್ಗೆ ಬೀದಿ ಕೂಡಿಸ್ತೀಯಾ? ಎಣ್ಣೆ ಹಾಕಿದ್ದು ನಾನು."

ಅನ್ವರ್ ಬಾಯಿ ತೆರೆದ. ಎರಡು ಭಾಷೆಯೂ ಕೈಕೊಟ್ಟವು.

"ಹಾಕ್ದೆ ಇನ್ನೇನು ಮಾಡ್ಲಿ? ನೀವಿಬ್ರೂ ಸೇರ್ಕಂಡು ಅದನ್ನ ತೊಳೆದು ತೊಳೆದು ಮೈಯೆಲ್ಲ ಒಣಗಿಸಿ ಇಡ್ತೀರಿ. ನಿಮ್ಮಪ್ಪ ಏನಂತಿದ್ದ? ಕಬ್ಬಿಣ ಒಣಗಿದ್ರೆ ರೈಲೇ ಉರುಳ್ತೈತೆ ಅಂತಿದ್ದ. ದಿನಾ ಸಂಜೆ ದೀಪ, ಎಣ್ಣೆ ಕ್ಯಾನು ಹಿಡ್ಕಂಡು ಹೋಗ್ತಿದ್ದ. ಹಳಿ ತಿರುಗೋ ಜಾಗಕ್ಕೆಲ್ಲ ಎಣ್ಣೆ ಬಿಟ್ಟೇ ಮನೆಗೆ ಬರ್ತಿದ್ದ. ಅವ್ನ ಮಗ ನೀನು! ಗನ್ನು ಒಣಗಿಸಿ ಇಟ್ಟು ನಮಾಜಿಗೆ ಹೋಗ್ತೀಯಾ!"

ಅವರ ಗಂಡ ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ಪಾಯಿಂಟ್ಸ್‌ಮನ್ ಆಗಿದ್ದವರು. ರೈಲು ಒಂದು ಹಳಿಯಿಂದ ಇನ್ನೊಂದಕ್ಕೆ ಹೊರಳುವ ಜಾಗವನ್ನು ನೋಡಿಕೊಳ್ಳುವ ಕೆಲಸ. ಆ ಮನೆಯಲ್ಲಿ ಸಂಸಾರ ಮಾಡಿದವರಿಗೆ ಒಣ ಕಬ್ಬಿಣ ಕಂಡರೆ ಹಸಿದ ಕೂಸು ಕಂಡ ಹಾಗೆ. ಮಗ ಮಸೀದಿಗೆ ಹೋದ ಹೊತ್ತಿನಲ್ಲಿ ಬಂದು, ಸೂಜಿ ಒಳಹೋಗುವ ಸಂದಿಗೆ, ಟ್ರಿಗರಿನ ಕೀಲಿಗೆ, ಬಟ್ಟಲಿನ ತಳಕ್ಕೆ ತೊಟ್ಟು ತೊಟ್ಟು ಬಿಟ್ಟು ಹೋಗುತ್ತಿದ್ದರು. ನಾವು ಹೆಚ್ಚು ತೊಳೆದ ದಿನ ಅವರು ಹೆಚ್ಚು ಬಿಟ್ಟಿದ್ದರು.

ಮನೆಗಳು ಕೆಡುವುದು ಅಸಡ್ಡೆಯಿಂದ ಎಂದು ನಾವು ಭಾಷಣ ಮಾಡುತ್ತೇವೆ. ಎಷ್ಟು ಸಲ ಅದು ನಿಜ? ಅತ್ತೆ ಒಮ್ಮೆ, ಸೊಸೆ ಒಮ್ಮೆ ಉಪ್ಪು ಹಾಕಿದ ಸಾರು ಅಸಡ್ಡೆಯ ಸಾರಲ್ಲ. ಗಂಡ ಬೆಳಿಗ್ಗೆ, ಹೆಂಡತಿ ಸಂಜೆ ನೀರು ಹಾಕಿ ಕೊಳೆಸಿದ ತುಳಸಿ ಗಿಡವೂ ಅಲ್ಲ. ಆಸ್ಪತ್ರೆಯಲ್ಲಿ ನಾವು ಏನೂ ಕೊಡಬೇಡಿ ಎಂದು ಬೋರ್ಡು ಹಾಕಿದ ರೋಗಿಗೆ ಸೆರಗಿನ ಮರೆಯಲ್ಲಿ ಇಡ್ಲಿ ತಿನ್ನಿಸಿದವರು ಶತ್ರುಗಳಾಗಿರಲಿಲ್ಲ. ಎಲ್ಲರೂ ಪ್ರೀತಿಯವರು. ಒಬ್ಬರು ಮಾಡಿದ್ದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ, ಅಷ್ಟೇ.

ಜೈತುನ್‌ಬಿ ನನ್ನ ಬೆರಳ ಮೇಲಿನ ಎಣ್ಣೆಯನ್ನು ನೋಡಿದರು. ಬೀರನ್ನು ನೋಡಿದರು. ದನಿ ಇಳಿಯಿತು.

"ಸಿಸ್ಟ್ರಮ್ಮ, ಹಂಗಾರೆ ನನ್ನಿಂದಾನೇ ನನ್ನ ಮೊಮ್ಮಗಳ ಬೀರು ಕೆಟ್ಟಿದ್ದಾ?"

ಅನ್ವರ್ ನನಗೆ ಕಣ್ಣಲ್ಲೇ ಸನ್ನೆ ಮಾಡಿದ. ಇಲ್ಲ ಅನ್ನಿ ಎಂದು. ಸುಳ್ಳು ಸಮಾಧಾನ ಹೇಳುವ ಸಂಪ್ರದಾಯ ನನಗೆ ಗೊತ್ತಿಲ್ಲ.

"ಹೌದಮ್ಮ," ಎಂದೆ. "ಆದ್ರೆ ತೊಳೆದಿಟ್ಟು ಹೋದ ನಾವು ನಿಮಗೆ ಒಂದು ಮಾತು ಹೇಳಿದ್ರೆ ನೀವು ಮುಟ್ತಿರ್ಲಿಲ್ಲ. ಹೇಳ್ಲಿಲ್ಲ."

ಒಳಗಿನಿಂದ ನಸೀಮಾ ಬಂದು ಅಜ್ಜಿಯ ಭುಜಕ್ಕೆ ಗಲ್ಲ ಒತ್ತಿ ನಿಂತಳು. "ದಾದೀಮಾ, ನಿಮ್ಮ ಎಣ್ಣೆ ಬಿದ್ರೆ ಬೀರಿಗೂ ಕೂದ್ಲು ಉದ್ದ ಬರ್ತಿತ್ತೇನೋ, ಇವ್ರು ಬಿಡ್ಲಿಲ್ಲ," ಎಂದಳು. ಜೈತುನ್‌ಬಿ ಅವಳ ತಲೆಗೆ ಮೊಟಕಿದರು. ಮೊಟಕಿ, ಕಣ್ಣೊರೆಸಿಕೊಂಡು, ನನ್ನ ಕಡೆ ತಿರುಗಿದರು.

"ಈಗೇನ್ ಮಾಡ್ಬೇಕು ಹೇಳ್ರಿ."

ಈ ಪ್ರಶ್ನೆ ನನಗೆ ಬಹಳ ಇಷ್ಟ. ಹೇಳಿದೆ.

ಹಳೇ ಬಣ್ಣವನ್ನೆಲ್ಲ ಉಜ್ಜಿ ತೆಗೆಯಬೇಕು. ಬೀರನ್ನು ಥಿನ್ನರ್ ಬಟ್ಟೆಯಲ್ಲಿ ಒರೆಸಬೇಕು, ಒರೆಸಿದ ಬಟ್ಟೆಯನ್ನು ತಿರುಗಿ ಮುಟ್ಟಬಾರದು. ಬಣ್ಣ ಹೊಡೆಯುವ ಬೆಳಿಗ್ಗೆ ಶೆಡ್ಡಿನ ಸುತ್ತ ಎಣ್ಣೆ ಇರಕೂಡದು. ಒಗ್ಗರಣೆ ಇಲ್ಲ. ಪೂರಿ ಇಲ್ಲ. ತಲೆಗೆ ಎಣ್ಣೆ ಹಚ್ಚಿದವರು ಒಳಗೆ ಕಾಲಿಡುವಂತಿಲ್ಲ, ಅನ್ವರನೂ ಸೇರಿ. ಇದು ಆಪರೇಷನ್.

"ತಲೆಗೆ ಎಣ್ಣೆ ಇಲ್ದೆ ನಾನು ಮನೆಯಿಂದ ಆಚೆ ಬಂದೋನೇ ಅಲ್ಲ ಕಣ್ರಿ," ಎಂದ ಅನ್ವರ್.

"ಹಾಗಾದ್ರೆ ಸೀಗೇಕಾಯಿ ಹಾಕಿ ತಿಕ್ಕು. ಮೇಲೆ ಟೋಪಿ ಹಾಕ್ಕೋ. ನನ್ನ ಹತ್ರ ಥಿಯೇಟರ್ ಟೋಪಿ ಇದೆ."

ಆದರೆ ದೊಡ್ಡ ತಕರಾರು ಬೇರೆ ಇತ್ತು. ಬಣ್ಣ ಹೊಡೆಯಬೇಕಿದ್ದ ಆ ಬೆಳಿಗ್ಗೆಯೇ ನಸೀಮಾಳ ಹಲ್ದಿ ಶಾಸ್ತ್ರ. ನೆಂಟರ ಹೆಂಗಸರೆಲ್ಲ ಬರುವವರು. ಅರಿಶಿನ, ಎಣ್ಣೆ, ಗಂಧ ಎಲ್ಲ ಕಲಸಿ ಮದುಮಗಳ ಮೈಗೆ ಹಚ್ಚುತ್ತಾರೆ. ಮನೆಗೂ ಶೆಡ್ಡಿಗೂ ನಡುವೆ ಒಂದೇ ಗೋಡೆ, ಅದರಲ್ಲೂ ಒಂದು ಬಾಗಿಲು. ಮುಂದೂಡೋಣ ಎಂದರೆ ಹಲ್ದಿಯನ್ನೂ ಮುಂದೂಡಲಾಗದು, ಬೀಗರನ್ನೂ ಮುಂದೂಡಲಾಗದು.

"ಮದುಮಗಳಿಗೆ ಎಣ್ಣೆ ಇಲ್ಲ ಅಂತ ಮಾತ್ರ ಹೇಳ್ಬ್ಯಾಡ್ರಿ ಸಿಸ್ಟ್ರಮ್ಮ," ಎಂದರು ಜೈತುನ್‌ಬಿ. "ಗನ್ನಿಗೆ ಬಿಡಲ್ಲ. ಮಗೂಗೆ ಬಿಡ್ದೆ ಇರಲ್ಲ."

"ನಮ್ಮನೇಲಿ ಮಾಡ್ರಿ," ಎಂದೆ.

ಹೇಳಿದ ಮೇಲೆ ನನ್ನ ನೆಲ ನೆನಪಾಯಿತು. ನನ್ನ 'ಹಾಲ್' ನೀವು ನೋಡಿಲ್ಲ. ಚಪ್ಪಲಿ ಬಾಗಿಲ ಗೆರೆ ದಾಟಿದರೆ ನಾನು ದುರುಗುಟ್ಟಿ ನೋಡುತ್ತೇನೆ ಎಂದು ನೆಂಟರೇ ಬರಲು ಹೆದರುತ್ತಾರೆ. ಆವತ್ತು ಎಷ್ಟು ಹೆಂಗಸರು ಬಂದರೋ ಎಣಿಸಲಿಲ್ಲ. ಹಾಡು, ನಗು, ಒಬ್ಬರ ಕೆನ್ನೆಗೆ ಇನ್ನೊಬ್ಬರು ಬಳಿಯುವುದು. ಜೈತುನ್‌ಬಿ ನಡುವೆ ಕುಳಿತು, ಇಷ್ಟು ದಿನ ಗನ್ನಿನ ಪಾಲಾಗಿದ್ದ ಎಣ್ಣೆಯನ್ನೆಲ್ಲ ಮೊಮ್ಮಗಳ ನೆತ್ತಿಗೆ ತಟ್ಟಿದರು. ನೆಲದ ಮೇಲೆ ಅರಿಶಿನದ ದೊಡ್ಡ ಕಲೆ. ಸೋಪು ಹಾಕಿದೆ, ಸೋಡಾ ಹಾಕಿದೆ, ಹೋಗಲಿಲ್ಲ. ಅದರ ಮೇಲೊಂದು ಚಾಪೆ ಹಾಸಿದ್ದೇನೆ. ಯಾರಾದರೂ ಬಂದರೆ ಚಾಪೆ ಸರಿಸಿ ತೋರಿಸುತ್ತೇನೆ.

ಎದುರಿನ ಶೆಡ್ಡಿನಲ್ಲಿ ಕಂಪ್ರೆಸರ್ ಗುಡುಗಿತು. ನಾನು ಶೆಡ್ಡಿನ ಬಾಗಿಲಲ್ಲಿ ಕಾವಲು. ಅನ್ವರನ ತಲೆಗೆ ನನ್ನ ಹಸಿರು ಟೋಪಿ, ಮುಖಕ್ಕೆ ಮಾಸ್ಕು. ಥೇಟ್ ನಮ್ಮ ಹಳೇ ಸರ್ಜನ್ ಹಾಗೇ ಕಾಣುತ್ತಿದ್ದ. ಮೊದಲು ಹಳೇ ತಗಡಿನ ಮೇಲೆ ಹೊಡೆದು ನೋಡಿದ. ಟ್ರಿಗರ್ ಟಕ್ಕೆಂದು ವಾಪಸ್ ಬಂತು. ಆಮೇಲೆ ಬೀರು. ಒಂದು ಗೇಣು ದೂರ. ಇಡೀ ತೋಳು. ಒಂದು ಬೀಸಿನ ಅರ್ಧದ ಮೇಲೆ ಇನ್ನೊಂದು ಬೀಸು. ಮಧ್ಯೆ ಮೇಷ್ಟ್ರು ನೋಡಲು ಬಂದರು. ತಲೆ ಮಿರಿ ಮಿರಿ ಮಿಂಚುತ್ತಿತ್ತು. ಗೇಟಿನಲ್ಲೇ ತಡೆದು ವಾಪಸ್ ಕಳಿಸಿದೆ.

ಬಣ್ಣ ನೀರಿನ ಹಾಗೆ ಹರಡಿಕೊಂಡಿತು. ಅನ್ವರ್ ಗನ್ನು ಕೆಳಗಿಟ್ಟು, ಮಾಸ್ಕು ತೆಗೆಯದೆ, ಬೀರಿನ ಮುಂದೆ ಕುಕ್ಕರಗಾಲಲ್ಲಿ ಕುಳಿತ. ಕಣ್ಣು ಬಿಡುತ್ತದೋ ಎಂದು ಕಾಯುತ್ತ. ನಾನೂ ನಿಂತೆ. ಆಪರೇಷನ್ ಮುಗಿದ ಮೇಲೆ ರೋಗಿಗೆ ಎಚ್ಚರ ಆಗುವವರೆಗೆ ನಿಲ್ಲುತ್ತೇವಲ್ಲ, ಹಾಗೆ.

ಒಂದೂ ಬಿಡಲಿಲ್ಲ.

ಬೀಗರು ಬಂದ ದಿನ ನನ್ನನ್ನೂ ಕರೆದಿದ್ದರು. ಕರೆಯದಿದ್ದರೂ ಹೋಗುತ್ತಿದ್ದೆ. ಇಸ್ಮಾಯಿಲ್ ಸಾಹೇಬರು ಎತ್ತರದ ಆಸಾಮಿ, ಮಾತು ಕಡಿಮೆ. ಟೀ ಬೇಡ, ಮೊದಲು ಬೀರು ನೋಡ್ತೀನಿ ಎಂದರು. ಮೊಬೈಲ್ ಟಾರ್ಚ್ ಹಾಕಿದರು. ಅಡ್ಡ ಹಿಡಿದರು. ಒಂದು ಕಣ್ಣು ಮುಚ್ಚಿದರು. ಮೇಲಿನಿಂದ ಕೆಳಗೆ, ಎಡದಿಂದ ಬಲಕ್ಕೆ. ಬಾಗಿದರು. ಹಿಂದೆ ಹೋದರು. ಮತ್ತೆ ಮುಂದೆ ಬಂದರು. ಅವರು ಬಾಗಿದಾಗ ಅನ್ವರನೂ ಬಾಗಿದ, ಹಿಂದೆ ಹೋದಾಗ ಅವನೂ ಹಿಂದೆ ಹೋದ. ನಸೀಮಾ ಬಾಗಿಲ ಪರದೆಯ ಅಂಚನ್ನು ಸುರುಳಿ ಸುತ್ತುತ್ತಿದ್ದಳು.

ಟಾರ್ಚ್ ಆರಿತು.

"ಬೆಳಿಗ್ಗೆ ಹೊಡೆದ್ರಾ, ಮಧ್ಯಾಹ್ನ ಹೊಡೆದ್ರಾ?" ಎಂದು ಕೇಳಿದರು.

"ಬೆಳಿಗ್ಗೆ," ಎಂದ ಅನ್ವರ್.

"ಈ ಚಳಿಯಾಗೆ? ಬೆಳಿಗ್ಗೆ?" ಸಾಹೇಬರು ಬೀರಿನ ಮೇಲೆ ಅಂಗೈ ಆಡಿಸಿದರು. "ಒಂದ್ ಮಾತು ಕೇಳ್ತೀನಿ ಬೀಗ್ರೆ, ಯಾರಿಗೂ ಹೇಳ್ಬ್ಯಾಡ್ರಿ. ನಮ್ಮ ಗನ್ನು ಬೆಳಿಗ್ಗೆ ಹೊತ್ತು ಹಿಡಿದೇ ಬಿಡ್ತೈತೆ. ಬಣ್ಣ ಎಲ್ಲಾ ಬರೀ ಫಿಶ್ ಐ. ದುರ್ಗದಾಗೆ ರಿಪೇರಿ ಮಾಡೋರಿಗೆಲ್ಲ ತೋರಿಸ್ದೆ, ಹೊಸ ಗನ್ನೇ ತಂದೆ, ಅದೂ ಅಷ್ಟೇ. ನೀವು ಏನ್ ಮಾಡ್ತೀರಿ?"

ಅನ್ವರ್ ನನ್ನ ಮುಖ ನೋಡಿದ. ನಾನು ಜೈತುನ್‌ಬಿ ಮುಖ ನೋಡಿದೆ. ಅವರು ಟೀ ತಟ್ಟೆಯನ್ನು ಸಾಹೇಬರ ಮುಂದೆ ಇಟ್ಟು, ಬಹಳ ಮೆತ್ತಗೆ ಕೇಳಿದರು:

"ಮನೇಲಿ ನಿಮ್ಮ ತಾಯಿ ಅದಾರೇನಪ್ಪಾ?"